ಆರು ಹೊಲಿಗೆ, ಒಂದು ಹಿಡಿ ಕಾಫಿ ಪುಡಿ

ನನ್ನ ಗದ್ದದ ಮೇಲೆ ಒಂದು ಜರಿ ಇದೆ. ನೂರು ಕಾಲಲ್ಲಿ ಹರಿದಾಡುವ ಜರಿಯಲ್ಲ, ಹಳೆಯ ಗಾಯದ ಗುರುತು. ನಡುವೆ ಒಂದು ದಪ್ಪ ಗೆರೆ, ಅದರ ಎರಡು ಪಕ್ಕದಲ್ಲೂ ಸೂಜಿ ಚುಚ್ಚಿದ ತೂತುಗಳು, ತೂತಿನಿಂದ ತೂತಿಗೆ ಅಡ್ಡ ಗೀರುಗಳು. ನೋಡಿದವರಿಗೆ ಜರಿಯೊಂದು ಕಾಲು ಚಾಚಿಕೊಂಡು ಕೆಳದುಟಿಯ ಕಡೆಗೆ ಹತ್ತುತ್ತಿರುವಂತೆ ಕಾಣುತ್ತದೆ. ಒಂಬತ್ತು ವರ್ಷದವಳಿದ್ದಾಗ ಹೊಳೆಯ ಕಲ್ಲಿನ ಮೇಲೆ ಜಾರಿ ಬಿದ್ದಿದ್ದೆ. ಕಾಂಪೌಂಡರ್ ಒಬ್ಬರು ಏಳು ಹೊಲಿಗೆ ಹಾಕಿ, ವಾರದೊಳಗೆ ಕರೆತನ್ನಿ, ಬಿಚ್ಚಿಕೊಡುತ್ತೇನೆ ಎಂದಿದ್ದರಂತೆ. ಅಷ್ಟರಲ್ಲಿ ಹೊಳೆ ಏರಿತು, ದಾಟುವ ಸಂಕ ಕೊಚ್ಚಿಹೋಯಿತು. ಹೊಳೆ ಇಳಿಯುವ ತನಕ ಆ ದಾರ ನನ್ನ ಮುಖದಲ್ಲೇ ಇತ್ತು. ಕೊನೆಗೆ ಅವ್ವನೇ ಕತ್ತರಿ ಹಿಡಿದು ಬಿಚ್ಚಿದಳು. ಅಷ್ಟು ಹೊತ್ತಿಗೆ ದಾರ ಚರ್ಮದೊಳಗೆ ಹೂತು ಹೋಗಿತ್ತು.

ಆಮೇಲೆ ಶಾಲೆಯಲ್ಲಿ ನನ್ನ ಹೆಸರು ಸತ್ತೇ ಹೋಯಿತು. ನಾನು ಬಾಗಿಲಿಗೆ ಬಂದರೆ ಸಾಕು, "ಜರಿ ಬಂತು, ಕಾಲು ಎತ್ಕಳ್ರೋ!" ಎಂದು ಎಲ್ಲರೂ ಬೆಂಚಿನ ಮೇಲೆ ಕಾಲೆತ್ತಿ ಕೂರುತ್ತಿದ್ದರು. ಮೇಷ್ಟ್ರು ಬೈಯುತ್ತಿದ್ದರು, ಬೈಯುವಾಗ ಅವರಿಗೂ ನಗು ಬರುತ್ತಿತ್ತು. ಮೂರನೇ ಕ್ಲಾಸು ಮುಗಿಯಿತು. ನಾಲ್ಕನೇ ಕ್ಲಾಸಿಗೆ ನಾನು ಹೋಗಲಿಲ್ಲ. ಅವ್ವ ಕೋಲು ಹಿಡಿದಳು, ಅಪ್ಪ ಬತಾಸು ತಂದುಕೊಟ್ಟ, ಆದರೂ ಹೋಗಲಿಲ್ಲ. ಇದನ್ನೆಲ್ಲ ನಾನು ಬರೆಯುತ್ತಿರುವುದೂ ಆ ಮೂರು ಕ್ಲಾಸಿನ ಅಕ್ಷರದಲ್ಲೇ. ಒತ್ತು ದೀರ್ಘ ತಪ್ಪಿದ ಕಡೆ ಸೊಸೆ ತಿದ್ದಿಕೊಡುತ್ತೇನೆ ಎಂದಿದ್ದಾಳೆ.

ಆದರೆ ಇದು ನನ್ನ ಗದ್ದದ ಕತೆಯಲ್ಲ, ನನ್ನ ಮೊಮ್ಮಗಳ ಕೆನ್ನೆಯ ಕತೆ.

ಮಗನ ಮದುವೆಯಾಗಿ ಎಂಟು ವರ್ಷದ ಮೇಲೆ ಹುಟ್ಟಿದ ಮಗು ಅವಳು. ಅವಳು ಹುಟ್ಟಿದ ದಿನದಿಂದ ನನಗೆ ಕಾಲು ನೆಲದ ಮೇಲೆ ನಿಂತದ್ದೇ ನೆನಪಿಲ್ಲ. ಅವಳು ಆಕಳಿಸಿದರೆ ಊರಿಗೆಲ್ಲ ಹೇಳುತ್ತಿದ್ದೆ. ಮೊದಲ ಹಲ್ಲು ಬಂದಾಗ, ಅದು ನನ್ನ ಬೆರಳನ್ನೇ ಮೊದಲು ಕಚ್ಚಿತೆಂದು ಗೋಣಿಬೀಡಿನ ಅಂಗಡಿ ಸಾಲಿನಲ್ಲಿ ಬೆರಳು ತೋರಿಸಿಕೊಂಡು ಬಂದಿದ್ದೆ. "ನಿಮ್ಮ ಮೊಮ್ಮಗಳಿಗೆ ಮಾತ್ರ ಹಲ್ಲು ಬಂದಿರೋದಾ ಮಾರಾಯ್ತಿ?" ಎಂದು ಅಂಗಡಿಯವರು ಕೇಳಿದ್ದರು. ಹೌದು ಎಂದಿದ್ದೆ. ಅವಳ ಕೆನ್ನೆಗಳು ಹಣ್ಣಾದ ಕಾಫಿಯ ಹಾಗೆ ನುಣುಪು. ಅದನ್ನು ಮುಟ್ಟುವಾಗಲೆಲ್ಲ ನನ್ನ ಇನ್ನೊಂದು ಕೈ ತಾನಾಗಿ ನನ್ನ ಗದ್ದವನ್ನು ಮುಚ್ಚಿಕೊಳ್ಳುತ್ತಿತ್ತು.

ಕಳೆದ ಕೊಯ್ಲಿನ ಕಾಲದಲ್ಲಿ, ಅವಳಿಗೆ ನಾಲ್ಕು ವರ್ಷ ತುಂಬಿತ್ತು, ಒಂದು ಶನಿವಾರ ಮಧ್ಯಾಹ್ನ ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿದ್ದೆವು. ಅರೆಬರೆ ಒಣಗಿದ ಹಣ್ಣೆಂದರೆ ಗೋಲಿ ಇದ್ದ ಹಾಗೆ, ದೊಡ್ಡವರೇ ಅದರ ಮೇಲೆ ಕಾಲು ಎಳೆದುಕೊಂಡು ನಡೆಯಬೇಕು. ಇವಳು ಹೇಂಟೆಯನ್ನು ಅಟ್ಟಿಸಿಕೊಂಡು ಓಡಿದಳು. ಜಾರಿದಳು. ಕಾಫಿ ಮೊಗೆಯಲು ಇಟ್ಟಿದ್ದ ಎಣ್ಣೆ ಡಬ್ಬದ ಕತ್ತರಿಸಿದ ಅಂಚಿಗೆ ಮುಖ ಕೊಟ್ಟಳು.

ಮೊದಲು ಸದ್ದೇ ಇರಲಿಲ್ಲ. ನಾನು ಎತ್ತಿಕೊಂಡು ತಿರುಗಿಸಿದಾಗ ಎಡಗೆನ್ನೆ, ಕಣ್ಣಿನಿಂದ ಎರಡು ಬೆರಳು ಕೆಳಗೆ, ಬಾಯಿ ಬಿಟ್ಟುಕೊಂಡಿತ್ತು. ಆಮೇಲೆ ರಕ್ತ ಬಂತು. ಆಮೇಲೆ ಅವಳ ಕೂಗು.

ನಮ್ಮ ಕಡೆ ಕತ್ತಿ ತಾಗಲಿ, ಕಲ್ಲು ಎಡವಲಿ, ಮೊದಲು ಕೈ ಹೋಗುವುದು ಕಾಫಿ ಪುಡಿಯ ಡಬ್ಬಕ್ಕೆ. ನನ್ನ ಅವ್ವ ಹಾಗೆ ಮಾಡಿದಳು, ಅತ್ತೆ ಹಾಗೆ ಮಾಡಿದರು, ತೋಟಕ್ಕೆ ಬಂದ ಎಷ್ಟು ಆಳುಗಳ ಕೈಕಾಲಿಗೆ ನಾನೇ ಮೆತ್ತಿದ್ದೇನೆ. ರಕ್ತ ನಿಲ್ಲುತ್ತದೆ. ಆ ಹೊತ್ತಿಗೆ ಯೋಚನೆ ಮಾಡುವ ನಾನು ಎಲ್ಲಿದ್ದೆ? ಒಳಗೆ ಓಡಿದೆ, ಒಂದು ಹಿಡಿ ತೆಗೆದೆ, ಮಗುವಿನ ಕೆನ್ನೆಗೆ ಒತ್ತಿ ಹಿಡಿದೆ. ರಕ್ತ ನಿಂತಿತು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ. ಮಗ ಪಿಕಪ್ ತೆಗೆದ, ಸೊಸೆ ಹತ್ತಿದಳು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಹತ್ತಿದೆ. ಮೂಡಿಗೆರೆ ಮುಟ್ಟುವ ತನಕ ಆ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ನನ್ನ ಸೊಸೆಗಿಂತ ಚಿಕ್ಕವರು. ನನ್ನ ಕೈ ಸರಿಸಿ ನೋಡಿದರು. ಹುಬ್ಬು ಮೇಲೆ ಹೋಯಿತು.

"ಇದೆಂತ ಇದು ಕಪ್ಪಗೆ? ಮಣ್ಣಲ್ಲಿ ಬಿದ್ದಿದ್ದಾ?"

"ಅಲ್ಲಮ್ಮ, ಕಾಫಿ ಪುಡಿ. ನಾನೇ ಹಾಕಿದ್ದು."

ಪಕ್ಕದಲ್ಲಿದ್ದ ವಯಸ್ಸಾದ ನರ್ಸಮ್ಮ ಬಟ್ಟಲು ತೊಳೆಯುತ್ತಿದ್ದವರು ತಿರುಗಿ ನೋಡಿದರು. "ಹಾಲು ಸಕ್ಕರೆ ಮರ್ತು ಬಂದ್ರಾ ಅಜ್ಜಿ?"

ನನಗೆ ಸಿಟ್ಟು ಬಂತು. "ನಮ್ದು ಚಿಕೋರಿ ಹಾಕಿದ ಪುಡಿಯಲ್ಲ. ಮನೇಲೇ ಹುರಿದಿದ್ದು, ಶುದ್ಧ!" ಎಂದುಬಿಟ್ಟೆ.

ಸೊಸೆ ನನ್ನ ಸೆರಗು ಎಳೆದಳು. ಡಾಕ್ಟರಮ್ಮ ನಗಲಿಲ್ಲ. ಸಮಾಧಾನವಾಗಿ ಹೇಳಿದರು: "ಅಜ್ಜಿ, ಶುದ್ಧವೋ ಅಲ್ವೋ, ಗಾಯದೊಳಗೆ ಪುಡಿ ಉಳಿದರೆ ಕೀವಾಗಬಹುದು. ಕೀವಾಗದೇ ಹೋದರೂ ಚರ್ಮ ಅದರ ಮೇಲೇ ಮುಚ್ಕೊಂಡುಬಿಡುತ್ತೆ. ಹಚ್ಚೆ ಹಾಕಿದ ಹಾಗೆ. ಆಮೇಲೆ ತಿಕ್ಕಿದರೂ ಹೋಗಲ್ಲ. ಇನ್ನೊಂದ್ಸಲ ಹೀಗಾದರೆ ಒಗೆದ ಬಟ್ಟೆ ಇಟ್ಟು ಒತ್ತಿ ಹಿಡ್ಕೊಂಡು ಬನ್ನಿ, ಅಷ್ಟೇ."

ನನ್ನ ಎಡಗೈಯಲ್ಲಿ ಹಚ್ಚೆ ಇದೆ. ಮದುವೆಗೆ ಮೊದಲು ಹಾಕಿಸಿದ್ದು, ಐದು ಚುಕ್ಕೆ. ಐವತ್ತು ವರ್ಷದ ಸಗಣಿ, ಸೋಪು, ಬೂದಿ ಎಲ್ಲ ಕಂಡ ಚುಕ್ಕೆಗಳು, ಒಂದೂ ಮಾಸಿಲ್ಲ. ಆ ಚುಕ್ಕೆಗಳನ್ನು ನೋಡಿದೆ, ಮಗುವಿನ ಕೆನ್ನೆ ನೋಡಿದೆ. ಹೊಳೆಯ ಕಲ್ಲು ನನಗೆ ಮಾಡಿದ್ದನ್ನು ಈ ಮಗುವಿಗೆ ನನ್ನ ಕೈಯೇ ಮಾಡಿತಲ್ಲ!

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಉಪ್ಪುನೀರಿನಂಥ ನೀರು ಚಿಮ್ಮಿಸಿ ಚಿಮ್ಮಿಸಿ ತೊಳೆದರು. ತೊಳೆದ ನೀರು ಮೊದಲು ಡಿಕಾಕ್ಷನ್ ಬಣ್ಣ, ಆಮೇಲೆ ಟೀ ಬಣ್ಣ, ಆಮೇಲೆ ತಿಳಿ. ಅದಾದ ಮೇಲೂ ಡಾಕ್ಟರಮ್ಮ ಸಣ್ಣ ಚಿಮಟ ಹಿಡಿದು, ದೀಪ ಹತ್ತಿರ ಎಳೆದುಕೊಂಡು, ಒಂದೊಂದೇ ಕಣ ಹೆಕ್ಕಿದರು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನಾವು ಅಷ್ಟು ತಾಳ್ಮೆ ಮಾಡುವುದಿಲ್ಲ. ಆಮೇಲೆ ಕೂದಲಿನಷ್ಟು ಸಣ್ಣ ಕಪ್ಪು ದಾರದಲ್ಲಿ ಆರು ಹೊಲಿಗೆ ಹಾಕಿದರು.

"ಕಣ್ಣಿಗೆ ಕಂಡಿದ್ದನ್ನೆಲ್ಲ ತೆಗೆದಿದ್ದೀನಿ," ಎಂದರು. "ಇನ್ನು ನನ್ನ ಕೈಲಿಲ್ಲ, ನಿಮ್ಮ ಕೈಲಿದೆ. ಗುರುವಾರ, ಐದನೇ ದಿನ, ಹೊಲಿಗೆ ಬಿಚ್ಚಬೇಕು. ಕೈಕಾಲಿನ ಹೊಲಿಗೆ ಹತ್ತು ಹದಿನಾಲ್ಕು ದಿನ ಇರಬಹುದು. ಮುಖದ್ದು ಹಾಗಲ್ಲ, ಬೇಗ ಕೂಡುತ್ತೆ. ಕೂಡಿದ ಮೇಲೂ ದಾರ ಬಿಟ್ಟರೆ ದಾರದ್ದೇ ಗುರುತು ಬೀಳುತ್ತೆ. ಶುಕ್ರವಾರದಿಂದ ನಾಲ್ಕು ದಿನ ನಾನು ಊರಲ್ಲಿರಲ್ಲ. ಈ ಕಾಫಿ ಪುಡಿ ಗಾಯವನ್ನ ನಾನೇ ನೋಡಬೇಕು. ಗುರುವಾರ ನಾಲ್ಕು ಗಂಟೆಯೊಳಗೆ ಬಂದ್ಬಿಡಿ."

ಹೇಳಿ ತಲೆ ಎತ್ತಿದವರ ಕಣ್ಣು ನನ್ನ ಗದ್ದದ ಮೇಲೆ ನಿಂತಿತು. ನಾನು ಅದನ್ನು ಕೈಯಿಂದ ಮುಚ್ಚಿಕೊಂಡೆ.

ಆ ಐದು ದಿನ ನಾನು ಉಂಡದ್ದು ಏನೆಂದು ನೆನಪಿಲ್ಲ. ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ. ಕೊಟ್ಟ ಮುಲಾಮನ್ನು ಸೊಸೆ ಕೈ ತೊಳೆದು ತೆಳ್ಳಗೆ ಸವರುತ್ತಿದ್ದಳು. ನನ್ನ ಕೈಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಪಕ್ಕದ ಮನೆಯವರು ಅರಿಶಿನ ಹಾಕಿ ಎಂದರು, ಇನ್ನೊಬ್ಬರು ತೆಂಗಿನೆಣ್ಣೆ ಎಂದರು, ತೋಟದ ಹೆಂಗಸೊಬ್ಬಳು ಕಾಡಿನ ಸೊಪ್ಪು ಜಜ್ಜಿ ಎಲೆಯಲ್ಲಿ ಕಟ್ಟಿಕೊಂಡೇ ಬಂದಳು. ಎಲ್ಲರನ್ನೂ ಬಾಗಿಲಲ್ಲೇ ಮಾತಾಡಿಸಿ ಕಳಿಸಿದೆ. ಹಾಗೆ ಕಳಿಸುವಾಗ ನನಗೇ ನಾಚಿಕೆ. ಎರಡು ದಿನದ ಹಿಂದಾಗಿದ್ದರೆ ಆ ಎಲೆಯನ್ನು ಮೊದಲು ಬಿಚ್ಚುತ್ತಿದ್ದವಳು ನಾನೇ.

ಮೂರನೇ ದಿನ ಬೆಳಿಗ್ಗೆ ಆ ಚುಕ್ಕೆ ಕಂಡಿತು.

ಎರಡನೇ ಹೊಲಿಗೆಗೂ ಮೂರನೇ ಹೊಲಿಗೆಗೂ ನಡುವೆ, ಗೆರೆಯ ಮೇಲೆಯೇ, ಸಾಸಿವೆಯ ಕಾಲು ಭಾಗದಷ್ಟು ಕಪ್ಪು. ಸೊಸೆಯನ್ನು ಕರೆದೆ. "ಒಣಗಿದ ರಕ್ತ ಇರ್ಬೇಕು ಅತ್ತೆ," ಎಂದಳು. ಮಗ ನೋಡಿ, "ದಾರದ ತುದಿ," ಎಂದ. ನನ್ನ ಮನೆಯವರು, ಮಗುವಿನ ಅಜ್ಜ, ಬೆಳಕಿಗೆ ಹಿಡಿದು ನೋಡಿ ತೋಟಕ್ಕೆ ಹೊರಟುಹೋದರು. ರಕ್ತವೂ ಅಲ್ಲ, ದಾರವೂ ಅಲ್ಲ. ನನ್ನ ಪುಡಿಯನ್ನು ನಾನು ಗುರುತು ಹಿಡಿಯಲಾರೆನೇ? ಮಗು ಮಲಗಿದಾಗಲೆಲ್ಲ ಹೋಗಿ ನೋಡುತ್ತಿದ್ದೆ. ಚರ್ಮ ಅದರ ಮೇಲೆ ಹಾಸುತ್ತಿದೆಯೋ, ಇನ್ನೂ ಬಾಯಿ ತೆರೆದಿದೆಯೋ? ಉಗುರಿನಿಂದ ಎತ್ತಿಬಿಡಲೇ ಎನ್ನಿಸುತ್ತಿತ್ತು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ.

ನಾಲ್ಕನೇ ದಿನಕ್ಕೆ ಕಡಿತ ಶುರುವಾಯಿತು. ಮಗು ಕೆರೆಯಲು ಹೋಗುವುದು, ನಾನು ಕೈ ಹಿಡಿಯುವುದು. ಅವಳ ಎರಡು ಕೈಗೂ ಅವಳಪ್ಪನ ಕಾಲುಚೀಲ ತೊಡಿಸಿದೆ.

ಅದೇ ದಿನ ಊಟಕ್ಕೆ ಕೂತಾಗ ನಮ್ಮ ಮನೆಯವರು ಬಾಯಿ ಬಿಟ್ಟರು. "ನಾಳೆನೇ ಯಾಕೆ ಹೋಗ್ಬೇಕು? ಹಣ್ಣು ಉದುರ್ತಾ ಇದೆ, ಆಳು ಸಿಕ್ಕಿರೋದೇ ಎರಡು ದಿನಕ್ಕೆ. ಡಾಕ್ಟ್ರು ವಾಪಸ್ ಬಂದ್ಮೇಲೆ ಮಂಗಳವಾರ ಹೋದ್ರಾಯ್ತು. ಹೊಲಿಗೆ ಇನ್ನಷ್ಟು ದಿನ ಇದ್ರೆ ಗಟ್ಟಿಯಾಗೇ ಕೂಡುತ್ತೆ. ಕಸಿ ಕಟ್ಟಿದ್ದನ್ನ ಬೇಗ ಬಿಚ್ಚಿದ್ರೆ ಎಂತಾಗುತ್ತೆ? ಮುರ್ಕೊಂಡು ಬೀಳುತ್ತೆ. ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿಲ್ಲದ್ದಲ್ಲ. ಮದುವೆಯಾಗಿ ಬಂದ ಮೇಲೆ ಹನ್ನೆರಡು ವರ್ಷ ಪಕ್ಕದ ಎಸ್ಟೇಟಿನ ನರ್ಸರಿಯಲ್ಲಿ ಮೆಣಸಿನ ಬಳ್ಳಿಗೆ ಕಸಿ ಕಟ್ಟಿದ ಕೈ ಇದು. ಬ್ಲೇಡಿನಲ್ಲಿ ಸೀಳಿ, ಕುಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ಆ ಕೆಲಸದಲ್ಲಿ ಯಾರೂ ನನ್ನ ಗದ್ದ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದರು. ಅದಕ್ಕೇ ಆ ಕೆಲಸ ನನಗೆ ಇಷ್ಟವಾಗಿತ್ತು.

"ಗೊತ್ತು," ಎಂದೆ. "ತಡವಾಗಿ ಬಿಚ್ಚಿದ್ರೆ ಎಂತಾಗುತ್ತೆ ಅಂತ್ಲೂ ಗೊತ್ತು. ಗಿಡ ದಪ್ಪ ಆಗುತ್ತೆ, ಪಟ್ಟಿ ದಪ್ಪ ಆಗಲ್ಲ. ಕಚ್ಕೊಂಡು ಒಳಗೆ ಹೋಗುತ್ತೆ. ಆಮೇಲೆ ಬಿಚ್ಚಿದ್ರೂ ಆ ಉಂಗುರ ಸಾಯೋ ತನಕ ಹೋಗಲ್ಲ. ನೀವು ನಲವತ್ತೈದು ವರ್ಷದಿಂದ ಊಟಕ್ಕೆ ಕೂತಾಗ ಎದುರಿಗೆ ನೋಡ್ತಾ ಇದ್ದೀರಲ್ಲ, ಇದೆಂತದು ಮತ್ತೆ?"

ಗದ್ದದ ಮೇಲಿನ ಕೈ ತೆಗೆದು ಮುಖ ದೀಪಕ್ಕೆ ಹಿಡಿದೆ. ಮದುವೆಯಾದ ಮೇಲೆ ನಾನಾಗಿ ಅದನ್ನು ತೋರಿಸಿದ್ದು ಅದೇ ಮೊದಲು. ಅವರು ತಟ್ಟೆ ನೋಡಿಕೊಂಡು, "ನಾಳೆ ಹೋಗಿ," ಎಂದರು.

ನಾಳೆ ಎಂಬುದು ಅಷ್ಟು ಸುಲಭವಾಗಿ ಬರಲಿಲ್ಲ. ಗುರುವಾರ ಬೆಳಿಗ್ಗೆ ಎಂಟಕ್ಕೆ ಮಗುವಿಗೆ ಹೊಸ ಫ್ರಾಕು ಹಾಕಿ ಪಿಕಪ್ ಹತ್ತಿಸುವಷ್ಟರಲ್ಲಿ ಮಗನ ಫೋನಿಗೆ ಆನೆಯ ಸುದ್ದಿ ಬಂತು. ನಮ್ಮ ಗೇಟಿನಿಂದ ಟಾರು ರಸ್ತೆಗೆ ಹೋಗುವ ದಾರಿಯಲ್ಲಿ, ಆಚೆ ಬದಿಯ ತೋಟದಲ್ಲಿ, ಮರಿ ಇರುವ ಗುಂಪು ನಿಂತಿದೆ. ಯಾರೂ ಹೊರಗೆ ಬರಬೇಡಿ. ಕೊಯ್ಲಿಗೆ ಆಳು ಇಳಿಸಬೇಡಿ. ಈಗೀಗ ನಮಗೆ ಮಳೆಯ ಸುದ್ದಿಗಿಂತ ಇದೇ ಹೆಚ್ಚು. ಎರಡು ವರ್ಷದ ಕೆಳಗೆ ಹತ್ತಿರದ ತೋಟಕ್ಕೆ ಕೆಲಸಕ್ಕೆ ಹೋದ ಒಬ್ಬರು ಸಂಜೆ ಮನೆಗೆ ಬರಲೇ ಇಲ್ಲ. ಆ ದಾರಿಯಲ್ಲಿ ಅವರ ಬುತ್ತಿ ಸಿಕ್ಕ ಜಾಗ ನಮಗೆಲ್ಲ ಗೊತ್ತು.

ಒಂಬತ್ತಾಯಿತು, ಹತ್ತಾಯಿತು. ನಾವು ಗೇಟಿನ ಒಳಗೆ ಪಿಕಪ್ಪಿನಲ್ಲೇ ಕೂತಿದ್ದೆವು. ಆನೆ ಕಾವಲಿನವರು ಆಗಾಗ ಫೋನಿನಲ್ಲಿ, "ಇನ್ನೂ ಅಲ್ಲೇ ಇದಾವೆ, ಬೈನೆ ಮರ ಮುರೀತಾ ಇದಾವೆ, ಇರಿ," ಎನ್ನುತ್ತಿದ್ದರು. ಹನ್ನೆರಡಾಯಿತು. ಸೊಸೆ ಅಲ್ಲೇ ಮಗುವಿಗೆ ಮೊಸರನ್ನ ತಿನ್ನಿಸಿದಳು. ಒಂದಾಯಿತು, ಎರಡಾಯಿತು.

ನನಗೆ ಒಂಬತ್ತು ವರ್ಷದ ಆ ಹೊಳೆ ಕಾಣಿಸತೊಡಗಿತು. ಆಗಲೂ ಹೀಗೆಯೇ ಅವ್ವ ದಿನಾ ದಡಕ್ಕೆ ಹೋಗಿ, ನೀರು ನೋಡಿ, ವಾಪಸು ಬಂದು, "ನಾಳೆ ಇಳಿಯುತ್ತೆ," ಎನ್ನುತ್ತಿದ್ದಳು. ಇಲ್ಲಿ ನೀರಿನ ಬದಲು ಆನೆ. ಮಂಗಳವಾರ ಎಂದರೆ ಹತ್ತನೇ ದಿನ. ಅಷ್ಟರಲ್ಲಿ ಆ ಚುಕ್ಕೆಯ ಮೇಲೆ ಚರ್ಮ ಮುಚ್ಚಿರುತ್ತದೆ, ದಾರ ಕಚ್ಚಿರುತ್ತದೆ. ಜೂನಿನಲ್ಲಿ ಇವಳು ಶಾಲೆಗೆ ಹೋಗುತ್ತಾಳೆ. ಇವಳಿಗೆ ಅಲ್ಲಿ ಏನು ಹೆಸರಿಡುತ್ತಾರೆ? ಏನೇನೋ ಹೆಸರುಗಳು ನನ್ನ ತಲೆಯಲ್ಲಿ ತಾವಾಗಿ ಹುಟ್ಟುತ್ತಿದ್ದವು. ಅವುಗಳನ್ನು ಇಲ್ಲಿ ಬರೆಯಲಾರೆ.

"ಇಳಿದು ನಡ್ಕೊಂಡು ಹೋಗ್ತೀನಿ," ಎಂದೆ.

ಮಗ ಸ್ಟೇರಿಂಗಿನ ಮೇಲೆ ತಲೆಯಿಟ್ಟವನು ಎತ್ತಲಿಲ್ಲ. "ಹೋಗಮ್ಮ. ಆನೆ ಹತ್ರ ಕೇಳು, ನಾಲ್ಕು ಗಂಟೆಯೊಳಗೆ ಬಿಟ್ಟುಬಿಡು ಅಂತ."

ಎರಡೂ ಮುಕ್ಕಾಲಿಗೆ ಫೋನು ಬಂತು. ಗುಂಪು ಒಳಗೆ ಸರಿದಿದೆ, ಈಗಲೇ ಹೊರಡಿ, ನಿಧಾನಕ್ಕೆ, ಹಾರನ್ ಬೇಡ, ನಾವು ತಿರುವಿನಲ್ಲಿ ಇರುತ್ತೇವೆ. ಹೊರಟೆವು. ತಿರುವಿಗೆ ಮೊದಲೇ ಕಾವಲಿನವರೊಬ್ಬರು ಎರಡೂ ಕೈ ಎತ್ತಿ ನಿಲ್ಲಿಸಿದರು. ಮಗ ಇಂಜಿನ್ ಆರಿಸಿದ.

ದಾರಿಯ ಮೇಲೆ, ನಮ್ಮ ಕಣದ ಉದ್ದದಷ್ಟು ಮುಂದೆ, ಒಂದು ಹೆಣ್ಣಾನೆ ಬಂದು ನಿಂತಿತು. ಉಳಿದವು ದಾಟಿದ್ದವು, ಇದೊಂದು ಹಿಂದೆ ಉಳಿದಿತ್ತು. ಅದರ ಹೊಟ್ಟೆಯ ಅಡಿಯಲ್ಲಿ ಮರಿ. ಬಿಸಿಲಲ್ಲಿ ಅದರ ಕಿವಿ ಅಲುಗುವ ಸದ್ದು ಕೇಳಿಸುತ್ತಿತ್ತು. ಸೊಸೆ ನನ್ನ ಮಂಡಿ ಹಿಡಿದಿದ್ದಳು, ಅವಳ ಉಗುರು ಸೀರೆಯ ಮೇಲಿಂದ ಚುಚ್ಚುತ್ತಿತ್ತು. ಮಗುವಿನ ಎರಡು ಕೈಯೂ ನನ್ನ ಕೈಯಲ್ಲಿ. ಕೆನ್ನೆ ಕಡಿಯುತ್ತಿದೆ ಎಂದು ಇವಳು ಈಗ ಅತ್ತರೆ? ಒಂದು ಕೂಗು ಹೊರಟರೆ? ಕೆನ್ನೆ ಉಳಿಸಲು ಹೊರಟು ಮಗುವನ್ನೇ ಎಲ್ಲಿಗೆ ತಂದೆ ಎಂಬ ಯೋಚನೆ ಆಗಷ್ಟೇ ಬಂತು. ಬಂದು ಹೋಗಲಿಲ್ಲ, ಎದೆಯ ಮೇಲೇ ಕೂತಿತು.

ಮರಿ ತಾಯಿಯ ಕಾಲಿಗೆ ಮುಖ ಒರಸಿತು. ಈ ಕಡೆ ಒಮ್ಮೆ, ಆ ಕಡೆ ಒಮ್ಮೆ.

ಮೊಮ್ಮಗಳು ನನ್ನ ಕಿವಿಗೆ ಬಾಯಿಟ್ಟಳು. "ಅಜ್ಜಿ, ಅದಕ್ಕೂ ಹೊಲಿಗೆ ಹಾಕಿದಾರಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಮತ್ಯಾಕೆ ಕೆರ್ಕೊಳ್ತಿದೆ?"

ತಾಯಿ ಸೊಂಡಿಲಿನಿಂದ ಮರಿಯ ಬೆನ್ನು ತಳ್ಳಿತು. ಎರಡೂ ಬೇಲಿ ಇಳಿದು ಕಾಫಿ ಗಿಡಗಳ ನಡುವೆ ಹೋದವು. ಗಿಡ ಮುರಿಯುವ ಸದ್ದು ದೂರವಾಗುವ ತನಕ ಕಾವಲಿನವರು ಎತ್ತಿದ ಕೈ ಇಳಿಸಲಿಲ್ಲ. ಆಮೇಲೆ ಬೀಸಿದರು. ಮಗ ಇಂಜಿನ್ ಹಾಕಿದ.

ಆಸ್ಪತ್ರೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ನರ್ಸಮ್ಮ ಪರದೆ ಎಳೆಯುತ್ತಿದ್ದರು. "ಓಹೋ, ಕಾಫಿ ಪುಡಿ ಪಾರ್ಟಿ! ಬೆಳಿಗ್ಗೆಯಿಂದ ಡಾಕ್ಟ್ರು ಎರಡು ಸಲ ಕೇಳಿದ್ರು. ಎಂತ ಮಾಡ್ತಿದ್ರಿ ಇಷ್ಟು ಹೊತ್ತು, ಫಿಲ್ಟರ್ ಇಳೀತಿತ್ತಾ?"

"ಆನೆ," ಎಂದೆ. ಅವರು ಪರದೆ ಬಿಟ್ಟು ನನಗೊಂದು ಲೋಟ ನೀರು ತಂದುಕೊಟ್ಟರು.

ಡಾಕ್ಟರಮ್ಮ ಬಂದು ಮಗುವನ್ನು ಮೇಜಿನ ಮೇಲೆ ಮಲಗಿಸಿದರು. "ಪುಟ್ಟಿ, ಅಲುಗಾಡಬಾರದು. ಇರುವೆ ಕಚ್ಚಿದ ಹಾಗೆ ಆಗುತ್ತೆ, ಅಷ್ಟೇ."

"ಯಾವ ಇರುವೆ? ಚಗಳಿನಾ?" ಎಂದಳು ಮೊಮ್ಮಗಳು. ಕಾಫಿ ಗಿಡದ ಕೆಂಪು ಚಗಳಿ ಕಚ್ಚಿದರೆ ಹೇಗಿರುತ್ತದೆಂದು ನಮ್ಮ ಮನೆಯ ಮಗುವಿಗೆ ಗೊತ್ತು.

"ಅಲ್ಲ, ಕಪ್ಪಿರುವೆ. ಸಕ್ಕರೆ ಡಬ್ಬದ್ದು."

"ಹಂಗಾದ್ರೆ ಸರಿ."

ಡಾಕ್ಟರಮ್ಮ ದೀಪ ಎಳೆದುಕೊಂಡರು. ಒದ್ದೆ ಹತ್ತಿಯಲ್ಲಿ ಒರಸಿ, ಚಿಮಟದಿಂದ ಗಂಟನ್ನು ಒಂದಿಷ್ಟು ಎತ್ತಿ, ಅದರ ಬುಡದಲ್ಲಿ ಕತ್ತರಿ ಆಡಿಸಿ, ಮೆಲ್ಲಗೆ ಎಳೆದರು. ಒಂದು ಬಂತು. ಎರಡು, ಮೂರು. ದಾರಗಳು ಬಿಳಿ ಬಟ್ಟೆಯ ಮೇಲೆ ಇರುವೆ ಸತ್ತ ಹಾಗೆ ಬಿದ್ದವು. ಆರನೆಯದೂ ಬಂದ ಮೇಲೆ ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಅಲ್ಲೊಂದು ಚುಕ್ಕೆ ಇದೆ ಅಮ್ಮ," ಎಂದೆ. "ನನ್ನದೇ ಅದು."

"ನೋಡ್ತಾ ಇದ್ದೀನಿ. ಸುಮ್ನಿರಿ."

ಸೂಜಿಯ ಮೊನೆ ತೆಗೆದುಕೊಂಡರು. ಮುಟ್ಟಿದ್ದೇ ಕಾಣಲಿಲ್ಲ, ಅಷ್ಟು ಮೆಲ್ಲಗೆ. ಮಗು, "ಇದು ಚಗಳಿ!" ಎಂದಿತು. ಸೂಜಿ ಮೇಲೆ ಬಂತು. ಮೊನೆಯ ಮೇಲೆ ಕಪ್ಪಗೆ, ಕಣ್ಣಿಗೆ ಕಂಡೂ ಕಾಣದಷ್ಟು, ಒಂದು ಕಣ.

"ಮೇಲೆ ಮೇಲೇ ಇತ್ತು," ಎಂದರು ಡಾಕ್ಟರಮ್ಮ. ಈ ಸಲ ನಕ್ಕರು. "ಗಾಯ ತಾನೇ ಹೊರಗೆ ತಳ್ತಾ ಇತ್ತು. ಇನ್ನೊಂದು ನಾಲ್ಕೈದು ದಿನ ಬಿಟ್ಟಿದ್ರೆ ಮುಚ್ಕೊಂಡುಬಿಡ್ತಿತ್ತೋ ಏನೋ. ಸಮಯಕ್ಕೆ ಬಂದ್ರಿ."

ನರ್ಸಮ್ಮ ಆ ಕಣವನ್ನು ಹತ್ತಿಯ ತುಂಡಿಗೆ ಒರಸಿ ನನ್ನ ಮುಂದೆ ಹಿಡಿದರು. "ತಗೊಳ್ಳಿ ಅಜ್ಜಿ, ನಿಮ್ಮ ಶುದ್ಧ ಪುಡಿ. ಚಿಕೋರಿ ಇಲ್ಲ."

ನಾನು ನಕ್ಕೆನೋ ಅತ್ತೆನೋ. ಸೊಸೆ ನನ್ನ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದ್ದು ಮಾತ್ರ ನೆನಪಿದೆ. ಗೆರೆಯ ಮೇಲೆ ತೆಳುವಾದ ಕಾಗದದ ಪಟ್ಟಿಗಳನ್ನು ಅಂಟಿಸಿದರು, ಕೂಡಿದ ಚರ್ಮ ಇನ್ನೂ ಎಳೆಯದು, ಎಳೆತ ಬೀಳಬಾರದು ಎಂದು. ಅವು ತಾವಾಗಿ ಉದುರುವ ತನಕ ಕೀಳಬೇಡಿ. ಬಿಸಿಲಿಗೆ ಬಿಟ್ಟರೆ ಗೆರೆ ಕಪ್ಪಾಗುತ್ತದೆ, ಟೋಪಿ ಹಾಕಿ. ಮೊದಲು ಕೆಂಪಗೆ ಕಾಣುತ್ತದೆ, ಹೆದರಬೇಡಿ, ಮಾಸಲು ವರ್ಷ ಬೇಕು.

ಹೆದರಬೇಡಿ ಎಂದರೆ ಹೆದರದೇ ಇರುವ ಜಾತಿ ನನ್ನದಲ್ಲ. ಪಟ್ಟಿ ಉದುರಿದ ದಿನ ಗೆರೆ ಬೆಂಕಿಕಡ್ಡಿಯ ತಲೆಯ ಹಾಗೆ ಕೆಂಪಗಿತ್ತು. ಶಿವರಾತ್ರಿಗೂ ಕೆಂಪು, ಯುಗಾದಿಗೂ ಕೆಂಪು. ಕಣಕ್ಕೆ ಇಳಿದರೆ ಟೋಪಿ, ಅಂಗಳಕ್ಕೆ ಇಳಿದರೆ ಟೋಪಿ. ಟೋಪಿ ಇಲ್ಲದಿದ್ದರೆ ನನ್ನ ಸೆರಗು. ದೇವರಮನೆ ಗುಡ್ಡಕ್ಕೆ ಹೋದಾಗ ಅಲ್ಲಿನ ಗಾಳಿಗೆ ಟೋಪಿ ಹಾರಿ ಹುಲ್ಲಿನ ಇಳಿಜಾರಿನಲ್ಲಿ ಉರುಳಿತು. ನಾನು ಅದರ ಹಿಂದೆ ಓಡಿದ್ದನ್ನು ನೋಡಿ ಪ್ರವಾಸಕ್ಕೆ ಬಂದಿದ್ದ ಯಾರೋ ಫೋನಿನಲ್ಲಿ ಹಿಡಿದುಕೊಂಡರಂತೆ. ಹಿಡಿದುಕೊಳ್ಳಲಿ. ಗದ್ದ ಮುಚ್ಚಿಕೊಳ್ಳಲು ಆಗ ನನ್ನ ಕೈ ಖಾಲಿ ಇರಲಿಲ್ಲ.

ಕಾಫಿ ಪುಡಿಯ ಡಬ್ಬದ ಪಕ್ಕದಲ್ಲಿ ಈಗ ಇನ್ನೊಂದು ಡಬ್ಬ ಇದೆ. ಒಗೆದು, ಬಿಸಿಲಿಗೆ ಹಾಕಿ, ಮಡಿಸಿಟ್ಟ ಬಿಳಿ ಬಟ್ಟೆಯ ತುಂಡುಗಳು. ತೋಟಕ್ಕೆ ಬಂದವರಿಗೆ ಕತ್ತಿ ತಾಗಿದರೆ ಅದನ್ನೇ ಒತ್ತಿ ಹಿಡಿದು ಕಳಿಸುತ್ತೇನೆ. ಜೊತೆಗೆ, ಬಿಚ್ಚುವ ದಿನ ಯಾವುದು ಎಂದು ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಹಾಕಿಸಿಕೊಳ್ಳಲು ಎಲ್ಲರೂ ಓಡುತ್ತಾರೆ, ಬಿಚ್ಚಿಸಿಕೊಳ್ಳಲು ಯಾರಿಗೂ ಅವಸರವಿಲ್ಲ.

ಜೂನ್ ಬಂತು. ಮೊದಲ ದಿನ ಅವಳನ್ನು ಶಾಲೆಯ ಗೇಟಿನ ಒಳಗೆ ಬಿಟ್ಟು ಬಂದವಳು ನಾನೇ. ಗೆರೆ ಅಷ್ಟು ಹೊತ್ತಿಗೆ ಗುಲಾಬಿ ಬಣ್ಣಕ್ಕೆ ಇಳಿದಿತ್ತು. ಪಕ್ಕದಲ್ಲಿ ಒಂದು ತೂತಿಲ್ಲ, ಒಂದು ಅಡ್ಡ ಗೀರಿಲ್ಲ. ಆದರೂ ಗೇಟಿನ ಹೊರಗೆ ಕೊಡೆ ಹಿಡಿದು ನಿಂತೇ ಇದ್ದೆ. ಮನೆಗೆ ಹೋಗಿ ಎಂದು ಟೀಚರಮ್ಮ ಎರಡು ಸಲ ಬಂದು ಹೇಳಿದರು. ಒಳಗಿನಿಂದ ಮಕ್ಕಳ ನಗು ಬಂದಾಗಲೆಲ್ಲ ಗೇಟಿಗೆ ಒರಗಿ ಕಿವಿಗೊಡುತ್ತಿದ್ದೆ. ಯಾರನ್ನು ನೋಡಿ ನಗುತ್ತಿದ್ದಾರೆ? ಯಾರು ಬೆಂಚಿನ ಮೇಲೆ ಕಾಲೆತ್ತುತ್ತಿದ್ದಾರೆ?

ಬೆಲ್ ಹೊಡೆಯಿತು. ಬ್ಯಾಗು ಎಳೆದುಕೊಂಡು ಬಂದಳು. ದಾರಿಯುದ್ದಕ್ಕೂ ಹಾಡು, ಟೀಚರಿನ ಬಳೆ, ಯಾರೋ ಚಡ್ಡಿ ಒದ್ದೆ ಮಾಡಿಕೊಂಡದ್ದು, ಎಲ್ಲ ಹೇಳಿದಳು. ನಾನು ಕೇಳಬೇಕಾದ್ದನ್ನು ಕೇಳಲು ಮನೆಯ ಗೇಟಿನ ತನಕ ಧೈರ್ಯ ಬರಲಿಲ್ಲ.

"ಪುಟ್ಟಿ, ಅಲ್ಲಿ ಮಕ್ಕಳು ನಿನ್ನನ್ನ ಎಂತ ಅಂತ ಕರೆದ್ರು?"

ಅವಳು ನಿಂತು ನನ್ನನ್ನೇ ನೋಡಿದಳು, ಅಜ್ಜಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ಹಾಗೆ.

"ನನ್ ಹೆಸ್ರೇ ಕರೆದ್ರು. ಮತ್ತೆಂತ ಕರೀತಾರೆ?"